ಮಾತು ಹಸನು ಮಾಡುವ ಮನೆ

ನಮ್ಮ ಅತ್ತೆ ತಿಪ್ಪವ್ವ ಹನ್ನೊಂದು ವರ್ಷ ನನ್ನವಳಾಗಿದ್ದಳು. ನಗುತ್ತೀರಾ? ನಗಿರಿ. ಅತ್ತೆಯ ಕಾಟ ತಾಳಲಾರದೆ ಅತ್ತ ಸೊಸೆಯಂದಿರ ಕಥೆ ಬೇಕಾದಷ್ಟು ಕೇಳಿರುತ್ತೀರಿ. ಅತ್ತೆ ತನ್ನ ಪಕ್ಕದಲ್ಲಿ ಕೂರುವುದನ್ನು ಬಿಟ್ಟಳೆಂದು ಹೊಟ್ಟೆಕಿಚ್ಚಿನಿಂದ ಬೆಂದ ಸೊಸೆಯನ್ನು ಕಂಡಿರಲಿಕ್ಕಿಲ್ಲ. ಆ ಪುಣ್ಯಾತ್ಗಿತ್ತಿ ನಾನೇ. ಹೆಸರು ಸೀಮಾ, ಊರು ಮುಳಗುಂದ, ಹಿಟ್ಟಿನ ಗಿರಣಿ ಅಂದಾನಪ್ಪನವರ ಹಿರಿಯ ಸೊಸೆ.

ತಿಪ್ಪವ್ವ ನನಗೆ ಬರೀ ಗಂಡನ ತಾಯಿಯಲ್ಲ, ನನ್ನ ಅಪ್ಪನ ಒಡಹುಟ್ಟಿದ ತಂಗಿ. ಬೆಳ್ಳಟ್ಟಿಯ ನಮ್ಮ ಮನೆಯಲ್ಲಿ ನನ್ನನ್ನು ಎತ್ತಿ ಆಡಿಸಿದವಳು. ಅದಕ್ಕೇ ಅವಳೊಂದಿಗೆ ನನ್ನ ಮಾತೆಲ್ಲ ಏಕವಚನದಲ್ಲಿ. ಮಧ್ಯಾಹ್ನ ಊಟ ಮುಗಿಸಿ ಗಂಡಸರು ಗಿರಣಿಗೂ ಹೊಲಕ್ಕೂ ಹೋದ ಮೇಲೆ ನಾವಿಬ್ಬರೂ ಪಡಸಾಲೆಯಲ್ಲಿ ಎದುರುಬದುರು ಕೂರುತ್ತಿದ್ದೆವು. ಕೈಯಲ್ಲಿ ಕಾಳು ಕೇರುವ ಒಂದೊಂದು ಮರ, ನಡುವೆ ಜೋಳದ ಚೀಲ. ಹರಳು ಆರಿಸಿ ಜೋಳ ಹಸನು ಮಾಡುತ್ತ ಊರ ಮಂದಿಯನ್ನೂ ಹಸನು ಮಾಡುತ್ತಿದ್ದೆವು. ಬೈಯುವುದರಲ್ಲಿ ಅತ್ತೆ ಪಂಡಿತೆ. ನಾನು ಬೈಯುವವಳಲ್ಲ; ಯಾರು ನಗುನಗುತ್ತ ಯಾರನ್ನು ಚುಚ್ಚಿದರು ಎಂದು ಪತ್ತೆ ಹಚ್ಚುವವಳು. "ಅಕಿ ಮಾತಿನ್ಯಾಗ ಏನೋ ಐತಿ ಅತ್ತಿ" ಎಂದು ನಾನು ಅಂದರೆ ಸಾಕು, ಅವಳು ಮರ ಕೆಳಗಿಟ್ಟು "ಏನೈತಿ, ಬಿಡಿಸಿ ಹೇಳು" ಎಂದು ಕಿವಿ ಕೊಡುತ್ತಿದ್ದಳು. ದಿನದ ಆ ಎರಡು ತಾಸು ನನ್ನ ಸ್ವಂತದ್ದು.

ಆಮೇಲೆ ಮಾಯಾ ಬಂದಳು. ನನ್ನ ಮೈದುನ ಸುದೀಪನ ಹೆಂಡತಿ, ಬೆಟಗೇರಿಯ ಹುಡುಗಿ, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ಡಿಗ್ರಿ ಮುಗಿಸಿದವಳು. ಮೊದಲ ಆರು ತಿಂಗಳು ಅವಳಿಂದ ನನಗೇನೂ ತೊಂದರೆಯಿರಲಿಲ್ಲ. ಅವಳು ಬಡಿದ ರೊಟ್ಟಿಗೆ ನಾಲ್ಕೂ ಕಡೆ ಮೂಲೆ ಬರುತ್ತಿದ್ದವು, ನಾನು ಒಳಗೊಳಗೇ ಖುಷಿಪಡುತ್ತಿದ್ದೆ. ಏಳನೆಯ ತಿಂಗಳು ಗದಗಿನ ಒಂದು ಆಫೀಸಿನವರು ಅವಳಿಗೆ ಲ್ಯಾಪ್‌ಟಾಪ್ ಕೊಟ್ಟು ಕಳಿಸಿದರು. ಶನಿವಾರ ಅಲ್ಲಿಗೆ ಹೋಗಬೇಕು, ಉಳಿದ ದಿನ ಮನೆಯಲ್ಲೇ ಕೆಲಸ.

"ಏನ್ ಕೆಲ್ಸವಾ ಅದು?" ಎಂದು ಮಾವ ಊಟಕ್ಕೆ ಕೂತಾಗ ಕೇಳಿದರು.

"ಮಂದಿ ಮೊಬೈಲಿನ್ಯಾಗ ವಿಡಿಯೋ ಹಾಕ್ತಾರಲ್ರಿ ಮಾವ, ಅದರ ಕೆಳಗ ಕೆಲವೊಬ್ರು ಹೊಲಸ ಬರೀತಾರ. ಹುಡುಗ್ಯಾರಿಗೆ ಬೈತಾರ, ಹೆದರಸ್ತಾರ. ಆ ಹುಡುಗಿ ಅದನ್ನ ನೋಡೂದ್ರಾಗ ಕಂಪ್ಯೂಟರ್ ತಾನಽ ಹಿಡದು ಮುಚ್ಚಿಬಿಡಬೇಕು. ಆದ್ರ ಅದಕ್ಕ ನಮ್ಮ ಕಡೆ ಮಾತು ತಿಳಿಯಂಗಿಲ್ಲ. ಯಾವುದು ಬೈಗುಳ, ಯಾವುದು ಅಲ್ಲ ಅಂತ ನಾವು ಸಾವಿರಗಟ್ಟಲೆ ಗುರುತು ಹಾಕಿ ಕೊಟ್ರ, ಅದನ್ನ ನೋಡ್ಕೋತ ಅದು ಕಲೀತೈತ್ರಿ."

"ಅಂದ್ರ ಜ್ವಾಳ ಹಸನ ಮಾಡಿದಂಗ" ಎಂದಳು ಅತ್ತೆ.

"ಹೌದ್ರಿ ಅತ್ತಿ! ಅಗದೀ ಹಂಗಽ!"

ಜೋಳ ಹಸನು ಮಾಡುವುದು ನಮ್ಮಿಬ್ಬರ ಕೆಲಸ. ಆ ಮಾತನ್ನೇ ಎತ್ತಿ ಅತ್ತೆ ಅವಳ ಕೈಗೆ ಕೊಟ್ಟಳು. ಆವತ್ತು ರೊಟ್ಟಿ ಬಿಟ್ಟು ಮಜ್ಜಿಗೆ ಕುಡಿದು ಎದ್ದೆ.

ಎರಡೇ ದಿನಕ್ಕೆ ಮಾಯಾ ಒಳಗಿನಿಂದ ಕೂಗಿದಳು. "ಅತ್ತೀ, ಇಲ್ಲಿ ಬರ್ರಿ ಸ್ವಲ್ಪ. ಒಬ್ಬಾಂವ 'ಎಷ್ಟ ಚೊಲೊ ಹಾಡ್ತೀಲೇ, ನಿನ್ನ ಹೆಣಾ ಎತ್ಲಿ' ಅಂತ ಬರದಾನ. ಇದು ಬೆದರಿಕೀನಾ?"

ಅತ್ತೆ ಬಿದ್ದು ಬಿದ್ದು ನಕ್ಕಳು. "ಅಯ್ಯ ಹುಚ್ಚಿ! ಅಂವ ಮೆಚ್ಚ್ಯಾನ! ದೋಸ್ತ ಇರ್ಬೇಕು. ಏನೂ ಇಲ್ಲ ಅಂತ ಗುರುತು ಒತ್ತು."

ಅವಳು ಎದ್ದು ಹೋದಳು. ಮರ ನನ್ನ ಎದುರು ಹಾಗೇ ಉಳಿಯಿತು. ಮರುದಿನವೂ ಹೋದಳು. ಮೂರನೆಯ ದಿನದಿಂದ ಮಾಯಾನ ಕುರ್ಚಿಯ ಪಕ್ಕದಲ್ಲಿ ಅತ್ತೆಗೆಂದೇ ಒಂದು ಸ್ಟೂಲು ಬಂತು, ಕನ್ನಡಕ ಬಂತು. ಮೂರು ತಾಲೂಕಿನ ಬೈಗುಳ ಬಲ್ಲ ತಿಪ್ಪವ್ವನಿಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಮರ್ಯಾದೆಯ ಕೆಲಸ ಸಿಕ್ಕಿತು. ಒಳಗೆ ಇಬ್ಬರೂ ಕಿಸಕಿಸ ನಗುತ್ತಿದ್ದರೆ ಹೊರಗೆ ನಾನು ಒಂದೊಂದು ಹರಳನ್ನೂ ತಾಟಿಗೆ ಟಣ್ ಟಣ್ ಎಂದು ಎಸೆಯುತ್ತಿದ್ದೆ.

"ಸೀಮಾ, ಸಪ್ಪಳ ಮಾಡಬ್ಯಾಡವಾ. ಅಕಿ ಕೆಲ್ಸಾ ಮಾಡಾಕತ್ತಾಳ."

ನಾನು ಏನು ಮಾಡುತ್ತಿದ್ದೆ ಹಾಗಾದರೆ, ಆಟವೇ? ಮುಂಜಾನೆಯ ಇಪ್ಪತ್ತೈದು ರೊಟ್ಟಿ ನನ್ನ ಪಾಲು, ಪಲ್ಯ ನನ್ನ ಪಾಲು, ಮುಸುರೆ ನನ್ನ ಪಾಲು. ಮೂರು ಗಂಟೆಗೆ ಮಾಯಾಗೆ ಚಹಾ, ಅದೂ ಅತ್ತೆಯ ಕೈಯಿಂದ. ಗಂಡ ಮೌನೇಶನ ಮುಂದೆ ಹೇಳಿಕೊಂಡೆ.

"ಅಕಿ ದುಡದು ತರ್ತಾಳ. ಏನ್ ಮಾಡಂತಿ?" ಎಂದರು.

"ನಾ ದುಡಿಯಂಗಿಲ್ಲೇನು?"

"ನಾ ಹಂಗ ಎಲ್ಲಿ ಅಂದ್ನಿ?" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಗಿರಣಿಗೆ ನಡೆದರು. ನಮ್ಮ ಮನೆಯ ಗಂಡಸರಿಗೆ ಜಗಳದಿಂದ ಪಾರಾಗಲು ದೇವರು ಕೊಟ್ಟ ದಾರಿ ಆ ಗಿರಣಿ.

ಮೂರನೆಯ ವಾರ ಮಾಯಾನ ತಾಯಿ ಬೆಟಗೇರಿಯಿಂದ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದರು. ಮಾಯಾ ನಮ್ಮ ಮನೆಯಲ್ಲಿ ನನ್ನ ತಂಗಿಯ ಲೆಕ್ಕ, ಹೀಗಾಗಿ ನಾನು ಅವರಿಗೆ ಚಿಗವ್ವ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ಬಡಿಸುವವಳು ನಾನೊಬ್ಬಳೇ ಎಂದು ಕಂಡು ಅವರಿಗೆ ಮುಜುಗರವಾಯಿತು.

"ನಮ್ಮ ಮಾಯಾ ಕೆಲಸಕ್ಕ ಕೈ ಹಚ್ಚತಾಳಿಲ್ಲವಾ ಸೀಮಾ?"

ನಾನು ನನ್ನ ಅತ್ಯಂತ ಸಿಹಿಯಾದ ನಗೆ ನಕ್ಕೆ. "ಅಯ್ಯ ಚಿಗವ್ವಾ, ನಮ್ಮ ಮಾಯಾನ ಕೈ ಅಂದ್ರ ಬೆಣ್ಣಿ ಇದ್ದಂಗ ಅದಾವು. ಒಲಿ ಮುಂದ ಕರಗಬಾರ್ದು ಅಂತ ನಾವಽ ಜ್ವಾಕಿ ಮಾಡಿ ಇಟ್ಟೇವಿ. ನೀವೇನ್ ಕಾಳಜಿ ಮಾಡಬ್ಯಾಡ್ರಿ."

ಅದರಲ್ಲಿ ತಪ್ಪು ಹುಡುಕಲು ಯಾರಿಗೆ ಸಾಧ್ಯ? ಅತ್ತೆ ಕೂಡ "ಹೌದು, ಹೌದು" ಎಂದಳು. ಚಿಗವ್ವನ ಕೈ ಮಾತ್ರ ತಾಟಿನ ಮೇಲೆ ನಿಂತಿತು. ಎರಡನೆಯ ಹೋಳಿಗೆ ಬೇಡವೆಂದರು, ತಾವೇ ತಂದದ್ದು. ನಾಲ್ಕರ ಬಸ್ಸಿಗೆ ಹೊರಟುಬಿಟ್ಟರು. ಆವತ್ತು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಉಳಿದ ಹೋಳಿಗೆ ನಾಲ್ಕನ್ನೂ ತುಪ್ಪ ಹಾಕಿಕೊಂಡು ನಾನೇ ತಿಂದೆ.

ಆದರೆ ಸಮಾಧಾನ ಉಳಿಯಲು ಅತ್ತೆ ಬಿಡಲಿಲ್ಲ. ಲಕ್ಷ್ಮೇಶ್ವರದಲ್ಲಿ ನಮ್ಮವರ ಮನೆಯ ಬಸುರಿ ಮಗಳಿಗೆ ಕುಬಸದ ಶಾಸ್ತ್ರ ಇತ್ತು. ಇಂಥ ಕಾರ್ಯಕ್ಕೆಲ್ಲ ಅತ್ತೆಯ ಜೊತೆಗೆ ಹೋಗುವವಳು ನಾನು. ನಾನು ಇಳಕಲ್ ಸೀರೆ ತೆಗೆದು ಮಡಿಕೆ ಬಿಡಿಸುತ್ತಿರುವಾಗ ಅವಳು ಬಾಗಿಲಲ್ಲಿ ನಿಂತಳು.

"ಸೀಮಾ, ಈ ಸಲ ಮಾಯಾನ್ನ ಕರಕೊಂಡ ಹೋಗ್ತೇನಿ. ಹೊಸಾ ಸೊಸಿ, ನಾಕ ಮಂದಿ ನೋಡ್ಲಿ. ನೀ ಇದ್ರ ಮನಿ ನಡೀತೈತಿ."

"ಹೋಗಿ ಬಾ" ಎಂದೆ. ಬೇರೆ ಏನನ್ನಲಿ? ಆ ಸೀರೆಯನ್ನೇ ಮಾಯಾಗೆ ಉಡಲು ಕೊಟ್ಟೆ, ನೆರಿಗೆಯನ್ನೂ ಹಿಡಿದೆ.

ಗುರುವಾರ ಮುಂಜಾನೆ ಇಬ್ಬರೂ ಹೋದರು. ಗಂಡಸರ ಊಟವಾಯಿತು, ನನ್ನ ಮಗಳು ಭಾಗ್ಯಾ ಶಾಲೆಗೆ ಹೋಗಿದ್ದಳು. ಪಡಸಾಲೆಯಲ್ಲಿ ಒಬ್ಬಳೇ ಕೂತೆ. ಒಳಗೆ ಮೇಜಿನ ಮೇಲೆ ಲ್ಯಾಪ್‌ಟಾಪ್. ಸಂಜೆಗೆ ಬಂದು ನೂರೈವತ್ತು ಗುರುತು ಹಾಕಿ ಕಳಿಸಬೇಕೆಂದು ಮಾಯಾ ಹೇಳಿದ್ದು ನನ್ನ ಕಿವಿಯಲ್ಲಿತ್ತು. ತೆರೆದೆ. ಪಾಸ್‌ವರ್ಡ್ ಅವರ ಮದುವೆಯ ತಾರೀಖು. ಆ ದಿನ ಮುನ್ನೂರು ಎಲೆ ಬಡಿಸಿದವಳು ನಾನು, ಅದು ನನಗೆ ಮರೆಯುತ್ತದೆಯೇ?

ಒಂದು ಹೊತ್ತಿಗೆ ಒಂದು ಕಮೆಂಟು ಕಾಣುತ್ತದೆ. ಕೆಳಗೆ ನಾಲ್ಕು ಬಟನ್ನು: ಬೈಗುಳ, ಬೆದರಿಕೆ, ಹೊಲಸು, ಏನೂ ಇಲ್ಲ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಯಂತ್ರದ ಅಂದಾಜು. ಇನ್ನೂ ಕೆಳಗೆ, ಬೇಕಾದರೆ ಕಾರಣ ಬರೆಯಲು ಜಾಗ. ಎಲ್ಲವನ್ನೂ ಉಲ್ಟಾ ಒತ್ತುವುದೆಂದು ತೀರ್ಮಾನಿಸಿದೆ. ಶನಿವಾರ ಆಫೀಸಿನಲ್ಲಿ ಬೈಸಿಕೊಂಡು ಬರಲಿ, ಲ್ಯಾಪ್‌ಟಾಪ್ ಕಸಿದುಕೊಂಡು ಕಳಿಸಲಿ, ಅತ್ತೆ ಮತ್ತೆ ಪಡಸಾಲೆಗೆ ಬರಲಿ.

'ನಿನ್ನ ಮನಿ ಎಲ್ಲೈತಿ ಗೊತ್ತೈತಿ, ಬಂದು ಬೆಂಕಿ ಹಚ್ತೇನಿ.' ಏನೂ ಇಲ್ಲ. ಒತ್ತಿದೆ. 'ಅಕ್ಕಾರ ರಂಗೋಲಿ ಬಾಳ ಚೆಂದ ಹಾಕೀರಿ.' ಹೊಲಸು. ಒತ್ತಿದೆ. ಹೀಗೆ ಆರು. ಕೈಗೆ ಒಂದು ಹುರುಪು ಬಂದಿತ್ತು.

ಏಳನೆಯದು ಬಂತು. 'ಪುಟ್ಟಿ ಎಷ್ಟ ಚೆಂದ ಕುಣೀತೀಯವಾ. ನಿನ್ನಂಥ ಶಾಣ್ಯಾ ಹುಡುಗಿ ಎಲ್ಲೂ ನೋಡಿಲ್ಲ. ನಿಮ್ಮವ್ವಗ ಹೇಳಬ್ಯಾಡ, ಸುಮ್ನ ಬೈತಾಳ. ಇನ್ನೊಂದು ವಿಡಿಯೋ ಮಾಡಿ ನನಗೊಬ್ಬಗ ಕಳಸು.'

ಯಂತ್ರದ ಅಂದಾಜು: ಏನೂ ಇಲ್ಲ.

"ಎಲಾ ಇವನ!" ಎಂದು ಬಾಯಿಬಿಟ್ಟೇ ಅಂದೆ. ಭಾಗ್ಯಾಗೆ ಈಗ ಹತ್ತು ವರ್ಷ. ಅವಳೂ ಕನ್ನಡಿಯ ಮುಂದೆ ಕುಣಿಯುತ್ತಾಳೆ, ಮೊಬೈಲು ಕೇಳುತ್ತಾಳೆ. ಇದರಲ್ಲಿ ಒಂದಾದರೂ ಕೆಟ್ಟ ಶಬ್ದ ಇದೆಯೇ? ಇಲ್ಲ. ಅದಕ್ಕೇ ಯಂತ್ರ ಮೋಸ ಹೋಗಿತ್ತು. ಮಾಯಾ ಇದ್ದಿದ್ದರೂ ಮುಂದೆ ಹೋಗುತ್ತಿದ್ದಳು, ಅತ್ತೆಯೂ ಹೋಗುತ್ತಿದ್ದಳು, ಅವರು ಹುಡುಕುವುದು ಬೈಗುಳ. 'ಬೆದರಿಕೆ' ಒತ್ತಿ, ಕೆಳಗಿನ ಜಾಗದಲ್ಲಿ ಒಂದೊಂದೇ ಅಕ್ಷರ ಹುಡುಕಿ ಬರೆದೆ: 'ಅವ್ವಗ ಹೇಳಬ್ಯಾಡ ಅನ್ನಾಂವ ಒಳ್ಳೇಂವ ಅಲ್ಲ.'

ಆಮೇಲೆ ಉಲ್ಟಾ ಒತ್ತುವುದು ನಿಂತುಹೋಯಿತು. ಒಂದೊಂದನ್ನೂ ಓದತೊಡಗಿದೆ. 'ಅಕ್ಕಾರ, ನಿಮ್ಮ ಯಜಮಾನ್ರು ಊರಾಗ ಇಲ್ಲಂತ ಕಾಣ್ತೈತಿ. ಪಾಪ ಒಬ್ರಽ ಇರ್ತೀರಿ, ಹುಷಾರ್ರಿ.' ಯಂತ್ರ ಏನೂ ಇಲ್ಲ ಎಂದಿತ್ತು. ನಾನು ಬರೆದೆ: 'ಇದು ಕಾಳಜಿ ಅಲ್ಲ. ಗಂಡ ಮನ್ಯಾಗ ಇಲ್ಲ ಅಂತ ಊರಿಗೆಲ್ಲಾ ಹೇಳ್ಯಾನ.' ಇನ್ನೊಂದು: 'ಬಣ್ಣ ಇಲ್ಲದಿದ್ರೂ ಧೈರ್ಯ ಮಾಡಿ ಫೋಟೋ ಹಾಕೀ ನೋಡವಾ, ಅದಽ ದೊಡ್ಡದು.' ಬರೆದೆ: 'ಇದು ಹೊಗಳಿಕಿ ಅಲ್ಲ. ಇಂಥಾದ್ದು ನಮ್ಮ ಓಣ್ಯಾಗ ದಿನಾ ಕೇಳ್ತೇನಿ.'

ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದ ವಾಸನೆ ಬಂದಾಗಲೇ ನನಗೆ ಎಚ್ಚರ. ನೂರೈವತ್ತೂ ಮುಗಿದಿದ್ದವು. ಪಡಸಾಲೆಯ ಆ ಎರಡು ತಾಸಿನಲ್ಲಿ ಸಿಗುತ್ತಿದ್ದ ಸುಖ ಎಷ್ಟೋ ವಾರಗಳ ಮೇಲೆ ಸಿಕ್ಕಿತ್ತು. ಆ ಮೊದಲಿನ ಆರು? ಮರೆತೆ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಇರಲಿ ಬಿಡು ಎಂದುಕೊಂಡು ಮುಚ್ಚಿದೆ.

ಕುಬಸದಿಂದ ಬಂದ ಮಾಯಾ ಸಂಜೆ ಲ್ಯಾಪ್‌ಟಾಪಿನ ಮುಂದೆ ಬಹಳ ಹೊತ್ತು ಕೂತಳು. ಏನೂ ಕೇಳಲಿಲ್ಲ. ನಾನೂ ಹಾಲಿನ ಕಲೆ ತಿಕ್ಕುತ್ತ ಕೂತೆ.

ಶನಿವಾರ ಅವಳು ಗದಗಿನಿಂದ ಬಂದಾಗ ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣ, ಹಿಂದೆ ಸುದೀಪ, ಅವನ ಮುಖ ಅರಳಿತ್ತು. ಎಲ್ಲರೂ ಚಹಾಕ್ಕೆ ಕೂತಿದ್ದೆವು.

"ಅವ್ವಾ, ಕೇಳಿಲ್ಲೆ. ಅವರ ಆಫೀಸಿನ ಶಕೀಲ ಸರ್ ಮಾಯಾ ಬರದಿದ್ದನ್ನ ಎಲ್ಲಾರ ಮುಂದ ಓದ್ಯಾರ! ಹೊರಗ ಸಿಹಿ, ಒಳಗ ವಿಷ ಇರೋ ಮಾತು ಮಷೀನಿಗೆ ತಿಳಿಯಂಗಿಲ್ಲಂತ. ಇನ್ನ ಮ್ಯಾಲೆ ಅಂಥಾವನ್ನೆಲ್ಲಾ ಇಕೀಗಽ ಕೊಡ್ತಾರಂತ. ಇಕಿ ಉಳದ ಹುಡುಗ್ಯಾರಿಗೂ ಕಲಸ್ಬೇಕು!"

"ಏನ್ ಬರದಿದ್ಲೋ?"

"'ಅವ್ವಗ ಹೇಳಬ್ಯಾಡ ಅನ್ನಾಂವ ಒಳ್ಳೇಂವ ಅಲ್ಲ.'"

ಅತ್ತೆ ಎದ್ದು ಬಂದು ಮಾಯಾನ ಮುಖಕ್ಕೆ ಎರಡೂ ಕೈಯಿಂದ ನಿವಾಳಿಸಿ ನೆಟಿಗೆ ಮುರಿದಳು. "ನನ್ನ ಬಂಗಾರಾ! ಇಂಥಾ ಬುದ್ಧಿ ಯಾರಿಗೆ ಬರ್ತೈತಿ! ಈ ಮನಿಗೆ ಒಬ್ಬಾಕಿಯಾದ್ರೂ ಶಾಣ್ಯಾಕಿ ಬಂದ್ಲು."

ಮಾಯಾ ತಲೆ ತಗ್ಗಿಸಿ ಕೂತಿದ್ದಳು. ಒಂದು ಸಲ ನನ್ನ ಕಡೆ ನೋಡಿದಳು. ನನ್ನ ಬಾಯಲ್ಲಿ ಅರ್ಧ ಭಜಿ. ಖಾರ ನೆತ್ತಿಗೇರಿತೋ, ಆ ಒಬ್ಬಾಕಿ ಎಂಬ ಮಾತು ಏರಿತೋ ಗೊತ್ತಿಲ್ಲ.

"ಅದು ನಾ ಬರದದ್ದು!"

ಮಾವನ ಚಹಾದ ಬಶಿ ನೆಲಕ್ಕೆ ಬಿತ್ತು.

"ಏನಂದಿ?" ಎಂದರು ನನ್ನ ಗಂಡ.

"ನಾ ಬರದದ್ದು ಅಂದೆ. ಗುರುವಾರ ಇವ್ರಿಬ್ರೂ ಮೆರಿಯಾಕ ಹೋಗಿದ್ರು, ನಾ ಕುಂತು ನೂರೈವತ್ತೂ ಮಾಡೇನಿ. ನೆಟಿಗಿ ಮಾತ್ರ ಅಕಿಗೆ!"

ಸುದೀಪ ನಕ್ಕ. "ವೈನಿ, ನೀವು ಹತ್ತನೇತ್ತಾ..."

"ಖರೇನಽ ಐತಿ" ಎಂದಳು ಮಾಯಾ. "ಅಕ್ಕಾನಽ ಬರದಾಳ. ಆದ್ರ ಮೊದಲಿನ ಆರೂ ಅಕ್ಕಾನಽ ಒತ್ಯಾಳ. ಒಬ್ಬ ಹುಡುಗಿ ಮನಿಗೆ ಬೆಂಕಿ ಹಚ್ತೇನಿ ಅಂದದ್ದಕ್ಕ ಏನೂ ಇಲ್ಲ ಅಂತ ಒತ್ಯಾಳ. ನಾ ಅವನ್ನ ತಿದ್ದಿ ಕಳಸಿದೆ. ಯಾಕ ಹಂಗ ಮಾಡಿದಿ ಅಂತ ಕೇಳಾಕ ನಾಚಿಕಿ ಆತು."

"ನಾಚಿಕಿ! ಹೊಗಳಿಸಿಕೊಳ್ಳಾಕ ಆಗಲಿಲ್ಲ ನಾಚಿಕಿ?"

"ಆತು. ಬ್ಯಾರೆಯವರ ಕೈಲೆ ಮಾಡಿಸಿದ್ರ ಕೆಲ್ಸ ಹೋಗ್ತೈತಿ ಅಕ್ಕಾ. ಹೆದರಿ ಸುಮ್ನಿದ್ದೆ."

ಅತ್ತೆ ನನ್ನ ಹತ್ತಿರ ಬಂದಳು. "ಯಾಕ ಮಾಡಿದಿ ಸೀಮಾ? ಅಕಿ ಕೆಲ್ಸಾ ಕಳೀಬೇಕಂತನಾ?"

"ಹೌದು! ಹನ್ನೊಂದು ವರ್ಷ ನನ್ನ ಮುಂದ ಕುಂತಿದ್ದಿ. ಒಂದು ಪೆಟಗಿ ಬಂತು, ನನ್ನ ಕಡೆ ತಿರುಗಿ ಸುದ್ದಾ ನೋಡಲಿಲ್ಲ. ನಾ ಏನ್ ಮಾಡ್ಲಿ?"

ನನ್ನ ಗಂಡ ಮೆಲ್ಲಗೆ "ತಪ್ಪಾತು ಅನ್ನು" ಎಂದರು. ಅನ್ನಲಿಲ್ಲ. ಆರು ತಪ್ಪಿಗೆ ತಪ್ಪಾಯಿತು ಎನ್ನಬೇಕು ನಿಜ. ಉಳಿದ ನೂರಾನಲವತ್ತನಾಲ್ಕಕ್ಕೆ ಯಾರು ನನಗೆ ಏನೆಂದರು? ಪೊಟ್ಟಣದ ಭಜಿ ಹಾಗೇ ತಣ್ಣಗಾಗಿ ಮರುದಿನ ದನಕ್ಕೆ ಹೋದವು.

ಒಂದು ವಾರ ಮನೆಯಲ್ಲಿ ಬಟ್ಟಲುಗಳದೇ ಸಪ್ಪಳ. ನಾನು ಮಾಡಿ ಮುಚ್ಚಿಡುತ್ತಿದ್ದೆ, ಬೇಕಾದವರು ಬಡಿಸಿಕೊಳ್ಳುತ್ತಿದ್ದರು. ಭಾಗ್ಯಾ ಮಾತ್ರ ಎರಡೂ ಕಡೆ ಓಡಾಡುತ್ತಿದ್ದಳು. "ಅವ್ವಾ, ಮಾಯಾ ಚಿಗವ್ವ ಅಳಾಕತ್ತಾಳ" ಎಂದು ಬಂದು ಹೇಳಿದಳು. ಸಿಹಿ ಮಾತಿನ ಹೊಸ ಕೆಲಸ ಮಾಯಾಗೆ ಬಂದಿತ್ತು, ಆದರೆ ಅವಳಿಗೆ ಅದು ಬರುತ್ತಿರಲಿಲ್ಲ. ಅತ್ತೆಗೂ ಬರುತ್ತಿರಲಿಲ್ಲ. ಬೈದವರನ್ನು ಅತ್ತೆ ನಿದ್ದೆಯಲ್ಲೂ ಹಿಡಿಯುತ್ತಾಳೆ, ನಕ್ಕವರನ್ನೆಲ್ಲ ನಂಬುತ್ತಾಳೆ. ನನಗೆ ಒಳಗೆ ಖುಷಿಯಾಯಿತು. ಅಳಲಿ ಎಂದುಕೊಂಡೆ.

ಶುಕ್ರವಾರ ಶಕೀಲ ಸರ್ ಫೋನು ಬಂತು. ಮಾಯಾ ಪಡಸಾಲೆಗೆ ಬಂದು, ನನ್ನ ಎದುರೇ ಸ್ಪೀಕರ್ ಹಾಕಿದಳು.

"ಏನ್ರೀ ಮಾಯಾ, ಒಂದಕ್ಕೂ ಸರಿ ಗುರುತು ಬಿದ್ದಿಲ್ಲ. ಆ ಗುರುವಾರದ ಕೆಲ್ಸಾನಽ ಬ್ಯಾರೆ, ಇದಽ ಬ್ಯಾರೆ. ಯಾರೋ ಬ್ಯಾರೆಯವರ ಕೈ ಇದ್ದಂಗ ಐತಿ ಅಂತ ಕಂಪ್ಯೂಟರಽ ತೋರಸಾಕತ್ತೈತಿ."

"ಖರೆ ಸರ್. ಗುರುವಾರದ್ದು ನಾ ಮಾಡಿಲ್ಲ. ನಮ್ಮ ಅಕ್ಕ ಮಾಡ್ಯಾಳ."

ನನ್ನ ಕೈಯ ಮರ ನಿಂತಿತು. ಆ ಕಡೆಯಿಂದ ಬಹಳ ಬೈಗುಳ ಬಂದವು. ಅಂಥ ಸಾಹೇಬರ ಬೈಗುಳಕ್ಕೆ ಯಾರೂ ಬಟನ್ನು ಒತ್ತುವುದಿಲ್ಲ. ಕೊನೆಗೆ ಅವರು ಅಂದರು: "ಇನ್ನೊಮ್ಮೆ ಹಿಂಗಾದ್ರ ಲ್ಯಾಪ್‌ಟಾಪ್ ವಾಪಸ್ ತಗೋತೇನಿ. ಮತ್ತ ನಿಮ್ಮ ಅಕ್ಕಾರಿಗೆ ಹೇಳ್ರಿ. ನಾಳೆ ಬಿಟ್ಟು ಬರೂ ಶನಿವಾರ ಬಂದು ನನ್ನ ಮುಂದ ಪರೀಕ್ಷಾ ಕೊಡ್ಲಿ. ಪಾಸಾದ್ರ ಅವರ ಹೆಸರ್ಲೇನಽ ಕೆಲ್ಸ."

ಮಾಯಾ ಫೋನಿಟ್ಟು ನನ್ನನ್ನು ನೋಡಿದಳು.

"ನಾ ಒಲ್ಲೆ" ಎಂದೆ. "ನಿಮ್ಮಿಬ್ಬರ ನಡುವ ನಾ ಯಾಕ ಬರ್ಲಿ?"

ಬಾಯಿ ಹಾಗಂದಿತು. ಎದೆ ಮಾತ್ರ ಹೆಸರ್ಲೇನಽ, ಹೆಸರ್ಲೇನಽ ಎಂದು ಬಡಿದುಕೊಳ್ಳುತ್ತಿತ್ತು. ಸೀಮಾ ಎಂಬ ಹೆಸರು ನನ್ನ ರೇಶನ್ ಕಾರ್ಡಿನ ಮೇಲೆ ಬಿಟ್ಟರೆ ಇನ್ನೆಲ್ಲಿದೆ?

ಮೂರು ದಿನ ಬಿಗಿದುಕೊಂಡೇ ಇದ್ದೆ. ನಾಲ್ಕನೆಯ ದಿನ ಮಧ್ಯಾಹ್ನ ಅತ್ತೆ ತನ್ನ ಮರ ತಂದು ಎದುರಿಗೆ ಕೂತಳು. ಎರಡು ಮರ ಜೋಳ ಹಸನು ಮಾಡಿದಳು. ಆಮೇಲೆ ಅಂದಳು:

"ಅಕಿ ಹೊಸಾಕಿ, ಅಂಜತಾಳ, ಅದಕ್ಕ ಮಗ್ಗಲ ಕುಂತೆ. ನೀ ಅಂಜೂ ಪೈಕಿ ಅಲ್ಲ ಅಂತ ಬಿಟ್ಟೆ. ನನ್ನ ತಪ್ಪಽ ಆತು, ಸೀಮಾ. ಹೋಗಿ ಪರೀಕ್ಷಾ ಕೊಡು. ನನ್ನಣ್ಣನ ಮಗಳ ಹೆಸರು ಅಲ್ಲಿ ಬರೀಲಿ."

ನನಗೆ ಅಳು ಬಂತು, ಏನು ಮುಚ್ಚುಮರೆ. ಜೋಳದ ಮೇಲೇ ಕಣ್ಣೀರು ಹಾಕಿದೆ. ಆರು ಗುರುತಿನ ತಪ್ಪನ್ನು ಅವಳ ಮುಂದೆ ಒಪ್ಪಿಕೊಂಡೆ. ಮಾಯಾನ ಮುಂದೆ ಇನ್ನೂ ಬಾಯಿ ಬಂದಿರಲಿಲ್ಲ.

ಪರೀಕ್ಷೆಗೆ ಎರಡು ದಿನ ಇರುವಾಗ, ಸಂಜೆ ರೊಟ್ಟಿಯ ಹೊತ್ತಿಗೆ ಮಾಯಾ ಲ್ಯಾಪ್‌ಟಾಪ್ ಎತ್ತಿಕೊಂಡು ಅಡಿಗೆಮನೆಗೇ ಬಂದಳು. ಬುಟ್ಟಿ ಬೋರಲು ಹಾಕಿ ಅದರ ಮೇಲಿಟ್ಟಳು. "ನಾ ಓದ್ತೇನಿ, ನೀ ಹೇಳು ಅಕ್ಕಾ" ಎಂದಳು. ಅತ್ತೆ ಒಲೆಯ ಮುಂದೆ ರೊಟ್ಟಿ ತಿರುವಿ ಹಾಕುತ್ತಿದ್ದಳು. ನಾನು ಬಡಿಯುತ್ತ ಹೇಳಿದೆ. ಒಂದು, ಎರಡು, ಹತ್ತು. ಎಲ್ಲಿ ವಿಷವಿದೆ, ಎಲ್ಲಿ ಬರೀ ಮುಗ್ಧ ಮೆಚ್ಚುಗೆಯಿದೆ, ನನಗೆ ಕೇಳಿದ ಕೂಡಲೇ ಗೊತ್ತಾಗುತ್ತಿತ್ತು. ಅತ್ತೆ "ಅಬ್ಬಬ್ಬಾ" ಎನ್ನುತ್ತಿದ್ದಳು. ನನ್ನ ಕೈಗೆ ರೊಟ್ಟಿ ಹಗುರಾಗಿ ಬರುತ್ತಿತ್ತು.

"ಇದು ಕಡೀದು ಅಕ್ಕಾ" ಎಂದಳು ಮಾಯಾ. "ಒಬ್ಬ ಹುಡುಗಿ ಹಾಡು ಹಾಡಿ ಹಾಕ್ಯಾಳ. ಅವರ ಮನ್ಯಾಕಿನಽ ಒಬ್ಬಾಕಿ ಕೆಳಗ ಬರದಾಳ: 'ನಮ್ಮ ಹುಡುಗಿ ದನಿ ಅಂದ್ರ ಜೇನು ಇದ್ದಂಗ ಐತಿ. ಮನಿ ಕೆಲಸದಾಗ ಒಡೀಬಾರ್ದು ಅಂತ ನಾವಽ ಜ್ವಾಕಿ ಮಾಡಿ ಇಟ್ಟೇವಿ.' ಮಷೀನು ಏನೂ ಇಲ್ಲ ಅಂತೈತಿ."

ನಾನು ನಕ್ಕೆ. "ನಿನ್ನ ಮಷೀನಿಗೆ ಬುದ್ಧಿ ಇಲ್ಲ. ಹುಡುಗಿ ಕೆಲಸಗಳ್ಳಿ ಅಂತ ಊರಿಗೆ ಸಾರ್ಯಾಳ, ಅದೂ ಜೇನು ಸವರಿ. ಎಂಥಾ ಹೊಟ್ಟಿಕಿಚ್ಚಿನಾಕಿ ಇರ್ಬೇಕು ಅಕಿ! ಆ ಹುಡುಗೀನ್ನ ಹಡದಾಕಿ ಇದನ್ನ ಓದಿದ್ರ ಎರಡು ದಿನಾ ಕೂಳು ಇಳಿಯಂಗಿಲ್ಲ. ಒತ್ತು, ಬೈಗುಳ ಅಂತ ಒತ್ತು."

ಮಾಯಾ ಒತ್ತಲಿಲ್ಲ.

"ದನಿ ಅನ್ನೋದು ತಗದು ಕೈ ಅನ್ನು ಅಕ್ಕಾ. ಜೇನು ತಗದು ಬೆಣ್ಣಿ ಅನ್ನು."

ನನ್ನ ಕೈ ಹಿಟ್ಟಿನ ಮೇಲೆ ನಿಂತಿತು.

"ಇದು ಆಫೀಸಿನದಲ್ಲ. ನಾನಽ ಬರಕೊಂಡದ್ದು" ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಅದೇ ಕಷ್ಟವಾಯಿತು. "ಅವತ್ತ ನಮ್ಮವ್ವ ಬೆಟಗೇರಿ ಮುಟ್ಟೂತನಾ ಅತ್ಲಂತ. ಬಸ್ಸಿನ್ಯಾಗ ಮಗ್ಗಲ ಕುಂತಾಕಿ ನೀರು ಕುಡಸಿದ್ಲಂತ."

ಅತ್ತೆ ಒಲೆಯನ್ನೇ ನೋಡುತ್ತಿದ್ದಳು. ತಮಾಷೆಗೆ ಅಂದೆ ಎನ್ನಬಹುದಿತ್ತು. ಆ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಗೆ ಹೇಳಲಿ? ತೀರ್ಪು ಈಗಷ್ಟೇ ನಾನೇ ಕೊಟ್ಟಿದ್ದೆ. ನಾಲ್ಕು ಹೋಳಿಗೆ ತುಪ್ಪ ಹಾಕಿಕೊಂಡು ತಿಂದದ್ದು ನೆನಪಾಯಿತು.

ಕೈ ಒರೆಸಿಕೊಳ್ಳದೆ ಹಾಗೇ ಲ್ಯಾಪ್‌ಟಾಪಿನ ಮುಂದೆ ಕೂತೆ. 'ಬೈಗುಳ' ಎಂದು ಬರೆದೆ. ಅದರ ಕೆಳಗೆ 'ಕಾರಣ' ಎಂದು ಬರೆದೆ. ಅದರ ಮುಂದೆ ಅಕ್ಷರ ಹುಡುಕಿ ಹುಡುಕಿ ಒಂದೇ ಶಬ್ದ: 'ಹೊಟ್ಟಿಕಿಚ್ಚು.' ಕೀಲಿಗಳಿಗೆಲ್ಲ ಹಿಟ್ಟು ಹತ್ತಿತು. ಮಾಯಾ ಓದಿದಳು, ಹಿಟ್ಟು ಒರೆಸಲಿಲ್ಲ.

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು.

"ನಿಮ್ಮವ್ವಗ ಫೋನ್ ಹಚ್ಚು" ಎಂದೆ.